ಕ್ಲಚ್ಚಿಗೆ ಆರು ಹನಿ

ನನ್ನ ಎಡಗೈಗೆ ವಯಸ್ಸಾಯಿತು ಎಂದು ತೀರ್ಮಾನ ಮಾಡಿದವರು ನಮ್ಮ ಮನೆಯವರು. ಕೈ ನನ್ನದು, ತೀರ್ಮಾನ ಅವರದು! ಕ್ಲಚ್ ಹಿಡಿದು ಹಿಡಿದು ಮಣಿಕಟ್ಟು ನೋಯುತ್ತದೆ ಎಂದು ಒಂದು ದಿನ ಬಾಯಿತಪ್ಪಿ ಹೇಳಿದ್ದೇ ತಡ, ಶುರುವಾಯಿತು. "ನಿನ್ನ ಕೈಲಿ ಇನ್ನು ಶಕ್ತಿ ಇಲ್ಲ ಕಣೆ. ಐವತ್ತೆರಡಾಯ್ತು, ಒಪ್ಕೋ." ಊಟಕ್ಕೆ ಕೂತರೂ ಇದೇ ರಾಗ, ಬಟ್ಟೆ ಮಡಿಸುವಾಗಲೂ ಇದೇ ರಾಗ. ಮಣಿಕಟ್ಟಿಗೆ ಸುತ್ತಿಕೊಳ್ಳುವ ಪಟ್ಟಿಯನ್ನೂ ತಂದುಕೊಟ್ಟರು. ನರ್ಸ್ ನಾನು, ಔಷಧಿ ಬರೆದವರು ಅವರು.

ಇವರಿಗೆ ಬೈಕ್ ಓಡಿಸಲು ಬರುವುದಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಹಿಂದೆ ಕೂತು, ತಿರುವು ಬಂದಾಗಲೆಲ್ಲ ನನ್ನ ಭುಜ ಹಿಂಡುವುದಷ್ಟೇ ಗೊತ್ತು.

ಆಸ್ಪತ್ರೆಗೆ ಬರಲಾಗದವರ ಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ದಿನಕ್ಕೆ ಹನ್ನೊಂದು ಮನೆ. ದಿಬ್ಬದ ಮೇಲಿನ ಅಜ್ಜಿಯ ಮನೆಗೆ ಬಸ್ಸೂ ಹತ್ತುವುದಿಲ್ಲ. ಅವರ ಕಾಲಿನ ಹುಣ್ಣು ಎಂಟು ತಿಂಗಳಾದ ಮೇಲೆ ಈಗಷ್ಟೇ ಅಂಚಿನಿಂದ ಕೂಡಿಕೊಂಡು ಬರುತ್ತಿದೆ. ಬೈಕ್ ಬಿಟ್ಟರೆ ಈ ಕೆಲಸವನ್ನೂ ಬಿಟ್ಟ ಹಾಗೆಯೇ. ಗೊತ್ತಿದ್ದೂ, ಹೇಳಿದ್ದನ್ನೇ ಕೇಳಿ ಕೇಳಿ, ಕೊನೆಗೆ ನಾನೂ ನಂಬಿಬಿಟ್ಟೆ. ಶುಕ್ರವಾರ, ಕೈ ಸೋತಿದೆ, ಕಚೇರಿಯೊಳಗೆ ಕೂತು ಮಾಡುವ ಕೆಲಸ ಕೊಡಿ ಎಂಬ ಅರ್ಜಿಯನ್ನು ನಮ್ಮ ಮೇಲ್ವಿಚಾರಕಿಯ ಕೈಗೆ ಕೊಟ್ಟು ಬಂದೆ. ಒಕ್ಕಣೆ ಇವರದೇ. ಸೋಮವಾರ ಅದು ಮೇಲಿನವರಿಗೆ ಹೋಗುವುದಿತ್ತು. ಭಾನುವಾರ ಹನ್ನೊಂದು ಗಂಟೆಗೆ ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದು ಬೈಕ್ ನೋಡಿ, ಕೊಂಡು ಒಯ್ಯುವುದೆಂದು ಇವರೇ ಮಾತಾಡಿದ್ದರು.

ಕೊಡುವುದೇ ಆದರೆ ನೆಟ್ಟಗೆ ಮಾಡಿ ಕೊಡಬೇಕು. ಕೊಳಕು ಪಟ್ಟಿ ಕಟ್ಟಿ ರೋಗಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ನನಗೆ ಅಭ್ಯಾಸವಿಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೇ ಹಿತ್ತಿಲ ಬಾಗಿಲ ಹತ್ತಿರ ಬೈಕ್ ನಿಲ್ಲಿಸಿ, ಹಿಡಿಯ ಬಳಿಯ ತಿರುಪು ಸಡಿಲಿಸಿ, ಕ್ಲಚ್ ಕೇಬಲ್ಲನ್ನು ಮೇಲಿನಿಂದಲೂ ಎಂಜಿನ್ ಕಡೆಯಿಂದಲೂ ಬಿಡಿಸಿದೆ. ಕಿಟಕಿಯ ಸರಳಿಗೆ ನೇತುಹಾಕಿ ಒಳಗಿನ ತಂತಿಯನ್ನು ಎಳೆದು ನೋಡಿದರೆ, ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ಎರಡೂ ಕೈ ಹಾಕಿ ಎಳೆದಾಗ ಬೆರಳುದ್ದ ಹೊರಬಂತು. ತಂತಿಯ ಮೇಲೆಲ್ಲ ಕಂದು ಬಣ್ಣದ ಅಂಟು, ತಳ ಹಿಡಿದ ಪಾಕದ ಹಾಗೆ. ಉಗುರಿನಿಂದ ಕೆರೆದು ಮೂಗಿಗೆ ಹಿಡಿದೆ. ಆಲೂಗಡ್ಡೆ ಕರಿದ ಬಾಣಲೆಯ ವಾಸನೆ!

ನಮ್ಮ ಮನೆಯವರು ಮೂವತ್ತು ವರ್ಷ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸಿದವರು. ಮನೆಯಲ್ಲೂ ಚೀಟಿ ಇಲ್ಲದ ಡಬ್ಬಿಯಿಲ್ಲ. ಉಪಕರಣಗಳ ಗೂಡಿನಲ್ಲಿ ಒಂದು ಪುಟ್ಟ ಬಾಟಲಿ ಇದೆ. ಅದರ ಮೇಲೆ ಅವರ ದುಂಡು ಅಕ್ಷರದಲ್ಲಿ 'ಯಂತ್ರದ ಎಣ್ಣೆ. ಕ್ಲಚ್ಚಿಗೆ ತಿಂಗಳಿಗೆ ಆರು ಹನಿ' ಎಂದಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಕನ್ನಡಕ ಏರಿಸಿಕೊಂಡು, ಹನಿ ಎಣಿಸಿ, ತಪ್ಪದೆ ಬಿಡುತ್ತಾರೆ. ಬಾಟಲಿಯ ಬಿರಡೆ ತೆಗೆದು ಮೂಸಿದೆ. ಅದೇ ವಾಸನೆ.

"ರೀ! ಈ ಬಾಟ್ಲೀಲಿ ಏನಿದೆ?"

"ಚೀಟಿ ಓದೋಕೆ ಬರಲ್ವಾ?" ಎನ್ನುತ್ತ ಪತ್ರಿಕೆ ಹಿಡಿದೇ ಬಂದರು.

"ಚೀಟಿ ಬಿಡಿ. ಒಳಗೇನು ಹಾಕಿದೀರ?"

"ಮೊದಲಿಂದು ಖಾಲಿ ಆಯ್ತು. ಕರಿದು ಉಳಿದಿದ್ದನ್ನ ಬಟ್ಟೇಲಿ ಮೂರು ಸಲ ಸೋಸಿ ತುಂಬಿಸ್ದೆ. ಸುಮ್ನೆ ಚೆಲ್ಲೋದ್ಯಾಕೆ?"

"ಚೀಟಿ?"

"ಚೀಟಿ ಚೆನ್ನಾಗೇ ಇತ್ತಲ್ಲ. ಯಾಕೆ ಕೀಳ್ಲಿ?"

ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ವರ್ಷವಾಗಿರಬೇಕು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ತಿಂಗಳು ತಿಂಗಳೂ ತಾವೇ ಆ ಕೇಬಲ್ಲಿನ ಗಂಟಲಿಗೆ ಅಂಟು ಇಳಿಸಿ, ನನ್ನ ಕೈ ಸೋತಿತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಾರೆ. ಒಂದೇ ಒಂದು ದಿನ ಆ ಹಿಡಿಯನ್ನು ತಾವು ಹಿಚುಕಿ ನೋಡಿದ್ದಾರೆಯೇ? ಕಾಳಜಿಯಿಂದಲೇ ಹಾಕಿದ್ದಾರೆ, ಅದು ನನಗೂ ಗೊತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮಾತಾಡಿದರೆ ಹೆಚ್ಚುಕಮ್ಮಿ ಆದೀತೆಂದು ಕೆಲಸಕ್ಕೆ ಕೈ ಹಚ್ಚಿದೆ. ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ ಕೇಬಲ್ಲಿನ ಮೇಲ್ತುದಿಗೆ ಆಲಿಕೆಯಂತೆ ಬಿಗಿದು, ಗಾಯಕ್ಕೆ ಸುತ್ತುವ ಟೇಪಿನಿಂದಲೇ ಸುತ್ತಿದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಮೊದಲು ಸೀಮೆಎಣ್ಣೆ ಬಿಟ್ಟು ತಂತಿಯನ್ನು ಮೇಲೆ ಕೆಳಗೆ ಆಡಿಸಿದೆ. ಕೆಳಗಿಟ್ಟ ಬಟ್ಟಲಿಗೆ ಕೀವಿನಂಥದ್ದು ಇಳಿಯತೊಡಗಿತು. ತಿಳಿಯಾಗುವವರೆಗೆ ಬಿಟ್ಟೆ, ಒಂದೂವರೆ ಗಂಟೆ ಹಿಡಿಯಿತು. ಸೀಮೆಎಣ್ಣೆ ಪೂರ್ತಿ ಬಸಿದ ಮೇಲೆ ಅಂಗಡಿಯಿಂದ ತಂದ ನಿಜವಾದ ತೆಳು ಎಣ್ಣೆ. ತಂತಿ ಸರ್ರನೆ ಜಾರಿತು. ಮತ್ತೆ ಜೋಡಿಸಿ ಹಿಡಿ ಒತ್ತಿದೆ. ಎರಡೇ ಬೆರಳು ಸಾಕಾಯಿತು. ಇವರು ತಂದುಕೊಟ್ಟಿದ್ದ ಪಟ್ಟಿಯನ್ನು ಮಣಿಕಟ್ಟಿನಿಂದ ಕಿತ್ತು ಅದರಲ್ಲೇ ಎಂಜಿನ್ ಒರೆಸಿದೆ.

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಬಂದ. ಸುತ್ತ ನೋಡಿ, ಕ್ಲಚ್ ಹಿಡಿದು, "ಅಕ್ಕ, ಬೆಣ್ಣೆ ಥರ ಇದೆ. ಇಂಥದ್ದನ್ನ ಯಾಕೆ ಮಾರ್ತಿದೀರ?" ಎಂದ.

"ಮಾರ್ತಿಲ್ಲಪ್ಪ. ನಿನ್ನ ಸುಮ್ನೆ ಓಡಾಡಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ."

"ಮಾತು ಕೊಟ್ಟಿದೀವಲ್ಲೇ!" ಎಂದರು ಇವರು.

"ಕೊಟ್ಟಿದ್ದು ನೀವು. ನಾನಲ್ಲ." ಎಲೆಕ್ಟ್ರಿಷಿಯನ್ ಇಬ್ಬರ ಮುಖವನ್ನೂ ನೋಡಿ ಮೆಲ್ಲಗೆ ಜಾಗ ಖಾಲಿ ಮಾಡಿದ.

ನಾನು ಬೈಕ್ ಚಾಲೂ ಮಾಡಿದೆ. "ಹತ್ತಿ."

"ಎಲ್ಲಿಗೆ?"

"ನಮ್ಮ ಮೇಡಂ ಮನೆಗೆ. ನಾಳೆಯೊಳಗೆ ಅರ್ಜಿ ವಾಪಸ್ ತಗೋಬೇಕು. ಅರ್ಜಿ ಬರೆಸಿದ್ದು ನೀವು ತಾನೆ? ಕೈಗೆ ಏನಾಗಿತ್ತು ಅಂತ ನೀವೇ ಹೇಳಿ. ಬಾಟ್ಲಿನೂ ತಗೊಳ್ಳಿ."

ಬಾಟಲಿ ತಂದವರು ಉಗುರಿನಿಂದ ಚೀಟಿಯ ಅಂಚು ಕೀಳತೊಡಗಿದರು.

"ಚೀಟಿ ಇರ್ಲಿ," ಎಂದೆ.

ಹಿಂದೆ ಕೂತು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡರು. ಬೀದಿಯ ಕೊನೆಗೆ ಬಂದಾಗ ಸಣ್ಣ ದನಿಯಲ್ಲಿ, "ನಾನು ಹೇಳ್ದೆ, ನಿಜ. ಆದ್ರೆ ಸಹಿ ನಿಂದೇ ಅಲ್ವಾ?" ಎಂದರು.

ಆ ಮಾತು ಚುಚ್ಚಿತು. ಹನ್ನೊಂದು ಮನೆಯವರು ನಂಬಿದ ಕೈ ಇದು. ನಂಬದೆ ಸಹಿ ಹಾಕಿದವಳು ನಾನೊಬ್ಬಳೇ.

"ಹೌದು. ಅದಕ್ಕೇ ನಿಮ್ಮೊಬ್ರನ್ನೇ ಕಳಿಸ್ತಿಲ್ಲ," ಎಂದು ಎರಡು ಬೆರಳಲ್ಲಿ ಕ್ಲಚ್ ಹಿಡಿದು ಗೇರ್ ಬದಲಿಸಿದೆ.