ಪಾರ್ಕಿಂಗಿಗೆ ಬಂದ ನಿಲುವಂಗಿ

ನನಗೆ ಬೀಗನಾಗಲಿರುವ ಅಬ್ರಾರ್ ನಮ್ಮ ಹಾಗೇ ಅಮೆರಿಕಕ್ಕೆ ಬಂದು ಓಕ್ಲ್ಯಾಂಡಿನಲ್ಲಿ ಕಾರ್ಪೆಟ್ ಮಾರುವ ಮನುಷ್ಯ. ಗತ್ತು ಮಾತ್ರ ಇರಾನಿನ ಶಾಹನದು. ಹಿಂದೆ ವಿಜಾಪುರದ ದರ್ಬಾರಿಗೆ ಶಾಹನ ಪತ್ರ ತಂದ ರಾಯಭಾರಿಯ ವಂಶವಂತೆ ಅವರದು. ನನ್ನ ಗಂಡ ತಾಜುದ್ದೀನ್ ಮೈಸೂರಿನ ದರ್ಜಿಯ ಮಗನೆಂದು ಅಬ್ರಾರ್ ಈ ಸಂಬಂಧವೇ ಬೇಡವೆಂದ. ಅವನ ಮಗ ಫುರ್ಕಾನ್ ನಮ್ಮ ಮಗಳು ಮಹ್ವಿಶ್‌ಳನ್ನು ಬಿಡಲೊಪ್ಪಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಅಬ್ರಾರ್ ಒಂದು ಷರತ್ತು ಹಾಕಿದ: ಮದುವೆಯ ಒಪ್ಪಿಗೆ ಪತ್ರವನ್ನು ತಮ್ಮ ಮನೆತನದ ಪದ್ಧತಿಯಂತೆ ಕೊಡುತ್ತಾನಂತೆ.

ಶನಿವಾರ ಬೆಳಿಗ್ಗೆ ನನ್ನ ಗಂಡನಿಗೆ ಅವನ ಫೋನು ಬಂತು. "ಸಾಹೇಬ್ರ, ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಾಗ ನಿಂತೀನಿ. ಕೆಳಗ ಬರ್ರಿ. ಪತ್ರ ತಂದೀನಿ, ಜರಿ ನಿಲುವಂಗಿನೂ ಐತಿ. ಇಲ್ಲೇ ತೊಟ್ಕೋಬೇಕು."

"ಮೇಲೆ ಬಂದು ಕೊಡೋಕೆ ಅವನಿಗೇನು ರೋಗ?" ಎಂದೆ.

ಗಂಡ ಚಪ್ಪಲಿ ಹುಡುಕುತ್ತಿದ್ದರು. ಹಳೆಯ ಚರಿತ್ರೆ ಓದುವ ಹುಚ್ಚು ಅವರಿಗೆ. "ಪತ್ರದ ಜೊತೆ ಇಂಥ ನಿಲುವಂಗಿನ ಶಾಹ ತನ್ನ ಕೈಕೆಳಗೆ ಪ್ರಾಂತ್ಯ ಆಳೋ ಸುಬೇದಾರನಿಗೆ ಕಳಿಸ್ತಿದ್ದ, ರೋಷನ್. ಅವನು ಊರಾಚೆ ಬಂದು ಎದುರುಗೊಂಡು, ಪತ್ರಾನ ತಲೆಗೆ ಒತ್ಕೊಂಡು, ಅಂಗಿ ತೊಟ್ಟರೆ ನಾನು ನಿಮ್ಮ ಆಳು ಅಂತ ಒಪ್ಪಿದ ಹಾಗೆ."

"ಗೊತ್ತಿದ್ದೂ ಹೋಗ್ತೀರಾ?"

"ಅವನಿಗೂ ಗೊತ್ತು. ಮಹ್ವಿಶ್‌ಗೆ ಗೊತ್ತಿಲ್ಲ. ಗೊತ್ತಾದ್ರೆ ಮದುವೇನೇ ಬೇಡ ಅಂತಾಳೆ. ನೀನು ಬಾಯಿ ಬಿಡಬೇಡ."

ಹೆಣ್ಣು ಹೆತ್ತವರು ತಗ್ಗಬೇಕಂತೆ, ಅದು ಯಾವ ಊರ ಕಾನೂನೋ!

ನಾವಿಬ್ಬರೂ ಇಳಿದು ಹೋದಾಗ ಅಬ್ರಾರ್ ಕಾರಿಗೆ ಒರಗಿ ನಿಂತಿದ್ದ. ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಗ್ರೋಸರಿ ಹಿಡಿದು ಹೊರಟಿದ್ದ ಪಕ್ಕದ ಮನೆಯವರು ನಿಂತು ನೋಡಿದರು. ಗಂಡ ಪತ್ರವಿದ್ದ ಜರಿಯ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಗೆ ಒತ್ತಿದರು. ಅಬ್ರಾರ್ ನಿಲುವಂಗಿಯನ್ನು ಬೇಕೆಂದೇ ತಗ್ಗಿಸಿ ಹಿಡಿದ. ತೋಳು ತೂರಿಸಲು ಇವರು ಬಗ್ಗಲೇಬೇಕಾಯಿತು.

"ಇನ್ನೊಂಚೂರು ಬಗ್ರಿ," ಎಂದ ಆ ಪಾಪಿ. ನನಗೆ ಮೈಯೆಲ್ಲ ಉರಿಯಿತು. ಅವನ ಗಡ್ಡ ಹಿಡಿದು ಜಗ್ಗಬೇಕೆನಿಸಿತು.

ಅಷ್ಟರಲ್ಲಿ ಮಹ್ವಿಶ್ ಮೆಟ್ಟಿಲಿಳಿದು ಓಡಿ ಬಂದಳು. ಅಪ್ಪನನ್ನು ನೋಡಿ ಚಪ್ಪಾಳೆ ತಟ್ಟಿದಳು. "ಡ್ಯಾಡಿ, ಯು ಲುಕ್ ಲೈಕ್ ಎ ಕಿಂಗ್!"

"ಹೌದೇನಮ್ಮ?" ಎಂದು ನನ್ನ ಗಂಡ ನೆಟ್ಟಗಾಗಿ ತೋಳು ಸರಿಮಾಡಿಕೊಂಡರು.

ಅಬ್ರಾರ್ ನನ್ನತ್ತ ತಿರುಗಿ ನಕ್ಕ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ ನಕ್ಕೆ.

"ಮೇಲೆ ಬನ್ನಿ ಭಾಯಿ ಸಾಹೇಬ್ರೇ," ಎಂದೆ, "ಬಿರಿಯಾನಿ ಆಗಿದೆ."