ಬರ್ಲಿನ್ನಿನ ವೈದ್ಯ ಕಂಡದ್ದು, ಜಲಜಮ್ಮ ಕಂಡದ್ದು

ಏಳು ಕಡಲಾಚೆ ಜರ್ಮನಿ ಅಂತೊಂದು ದೇಶ. ಆ ದೇಶದ ಮೂಲೆಯೂರೊಂದರಲ್ಲಿ ರಾಬರ್ಟ್ ಕಾಕ್ ಎಂಬ ವೈದ್ಯನಿದ್ದನಂತೆ. ಗಾಡಿ ಹತ್ತಿ ಹಳ್ಳಿ ಹಳ್ಳಿ ತಿರುಗಿ ಜ್ವರಕ್ಕೆ ಮದ್ದು ಕೊಡುವುದು ಅವನ ಕಸುಬು. ಒಂದು ಹುಟ್ಟುಹಬ್ಬಕ್ಕೆ ಹೆಂಡತಿ ಅವನಿಗೊಂದು ಸೂಕ್ಷ್ಮದರ್ಶಕ ಕೊಟ್ಟಳಂತೆ. ಕೊಟ್ಟದ್ದೇ ಕೊಟ್ಟದ್ದು, ಅವನು ರೋಗಿಗಳನ್ನು ನೋಡುವ ಕೋಣೆಗೆ ಅಡ್ಡ ಪರದೆ ಕಟ್ಟಿದ. ಪರದೆಯ ಈಚೆ ಕೆಮ್ಮು, ನೆಗಡಿ, ನೋವು. ಆಚೆ, ಯಾರೂ ಕಾಣದ ಲೋಕ.

"ಗಂಡ ಪರದೆ ಹಿಂದೆಯೇ ಸೇರಿಕೊಂಡ ಅನ್ನು," ಎಂದರು ಜಲಜಮ್ಮ, ಅಲಸಂಡೆ ಮುರಿಯುತ್ತ. "ಆ ಪುಣ್ಯಾತ್ಗಿತ್ತಿ ಒಂದು ಅಂಗಿ ಕೊಟ್ಟು ಸುಮ್ಮನಿರಬಾರದಿತ್ತೇ?"

ದಿಲ್ಲಿಯ ಪೀತಮ್‌ಪುರದ ಮನೆಯೊಂದರ ಬಾಲ್ಕನಿಯಲ್ಲಿ ಈಗ ಕತೆ ಹೇಳುವವಳು ಮೊಮ್ಮಗಳು, ಕೇಳುವವಳು ಅಜ್ಜಿ. ಹರ್ಷಿಣಿ ಅನ್ನ ತಿಂದು ಬೆಳೆದದ್ದಕ್ಕಿಂತ ಅಜ್ಜಿಯ ಕತೆ ತಿಂದು ಬೆಳೆದದ್ದೇ ಹೆಚ್ಚು. ಈಗ ಶಾಹದರಾದ ಕ್ಷಯರೋಗದ ಚಿಕಿತ್ಸಾಲಯವೊಂದರಲ್ಲಿ ಲ್ಯಾಬ್ ಕೆಲಸ. ಸಂಜೆ ಬಂದವಳು ತನ್ನ ಲೋಕದ ಕತೆ ಬಿಚ್ಚುತ್ತಾಳೆ.

ಆದರೆ ಈ ಕತೆಯನ್ನು ಅವಳು ಸುಮ್ಮನೆ ಹೇಳುತ್ತಿರಲಿಲ್ಲ.

ಜಲಜಮ್ಮ ಉಡುಪಿಯ ಕಡೆಯಿಂದ ದಿಲ್ಲಿಗೆ ಬಂದು ಎಷ್ಟೋ ಕಾಲವಾಗಿದೆ. ಮಗ ಚಂದ್ರಮೋಹನ ಇಲ್ಲಿ ಹೋಟೆಲ್ ತೆರೆದ ದಿನ ಊರಿಗೂರೇ ಒಳಗೆ ನುಗ್ಗಿ ದೋಸೆ ತಿಂದರೂ, ಹೆತ್ತ ತಾಯಿ ಎದುರಿನ ಪಾನ್ ಅಂಗಡಿಯ ನೆರಳಲ್ಲಿ ನಿಂತಿದ್ದರು. ಯಾವ ಹೊಸ ಮನೆಗೂ ಮೊದಲು ಕಾಲಿಡುವವರಲ್ಲ, ಬಾಣಂತಿಯ ಕೋಣೆಗೆ ಇಣುಕುವವರಲ್ಲ. ಅವರು ಮದುವೆಯಾಗಿ ಹೋದ ವರ್ಷವೇ ಗಂಡ ರಕ್ತ ಕಾರಿ ತೀರಿಕೊಂಡಿದ್ದರು. ಚಂದ್ರಮೋಹನ ಆಗ ಹೊಟ್ಟೆಯಲ್ಲಿದ್ದ. "ಇವಳ ಕಾಲ್ಗುಣ," ಎಂದರು ಅತ್ತೆ. ಅತ್ತೆ ಹೋದರು, ಆಡಿದ ಮಾತು ಉಳಿಯಿತು. ಅದನ್ನು ಜಲಜಮ್ಮ ಯಾರ ಮೇಲೂ ಹೊರಿಸದೆ, ಅಳದೆ, ತನ್ನ ಪಾದವೇ ಹಾಗೆ ಎಂದು ನಂಬಿ ಬದುಕಿದ್ದರು.

"ಆಮೇಲೆ?" ಎಂದರು ಈಗ.

"ಆಮೇಲೆ ಅವನು ಬರ್ಲಿನ್ನಿಗೆ ಹೋದ. ಆ ಕಾಲಕ್ಕೆ ಏಳು ಜನ ಸತ್ತರೆ ಒಬ್ಬರು ಕ್ಷಯದಿಂದ, ಅಜ್ಜಿ. ಯಾಕೆ ಬರುತ್ತೆ ಅಂತ ಯಾರಿಗೂ ಖಾತ್ರಿ ಇಲ್ಲ. ವಂಶದ ದೋಷ ಅನ್ನುವವರೇ ಬಹಳ. ಯಾವುದೋ ಕ್ರಿಮಿ ಇರಬೇಕು ಅಂತ ಇವನು ಬಣ್ಣದ ಮೇಲೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಹುಡುಕಿದ. ಹುಡುಕಿ, ಮಾರ್ಚ್ ತಿಂಗಳ ಒಂದು ಸಂಜೆ ದೊಡ್ಡ ದೊಡ್ಡ ವೈದ್ಯರನ್ನೆಲ್ಲ ಕೂರಿಸಿ, ಇಗೋ ಇದು, ಅಂತ ತೋರಿಸಿದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲವಂತೆ. ಒಂದು ಪ್ರಶ್ನೆಯೂ ಕೇಳಲಿಲ್ಲವಂತೆ."

ಜಲಜಮ್ಮನ ಕೈ ನಿಂತಿತ್ತು. "ಅಷ್ಟು ಜನರನ್ನು ತಿಂದದ್ದು ಕಣ್ಣಿಗೆ ಕಾಣುತ್ತದಾ?"

"ನಾನು ದಿನಾ ನೋಡ್ತೀನಿ. ನಿಂಗೂ ತೋರಿಸ್ತೀನಿ. ಭಾಷೆ."

"ಚಂದ ಆಯ್ತು! ರೋಗಿಗಳಿರೋ ಜಾಗಕ್ಕೆ ನನ್ನ ಕಾಲಾ?"

ಪ್ರತಿ ವರ್ಷ, ಕಾಕ್ ತೋರಿಸಿದ ಅದೇ ಮಾರ್ಚ್ ದಿನದಂದು ಚಿಕಿತ್ಸಾಲಯದಲ್ಲಿ ಊರವರಿಗೂ ಲ್ಯಾಬ್ ತೋರಿಸುತ್ತಾರೆ. ಹೋದ ವರ್ಷ ಜಲಜಮ್ಮ ಮೆಟ್ರೋ ನಿಲ್ದಾಣದವರೆಗೆ ಬಂದು, ಮಂಡಿನೋವೆಂದು ಹಿಂತಿರುಗಿದರು. ಈ ವರ್ಷ ಹರ್ಷಿಣಿ ಕೈ ಬಿಡಲಿಲ್ಲ. ರೈಲು ಯಮುನೆಯನ್ನು ದಾಟುವಾಗಲೂ ಹಿಡಿದೇ ಇದ್ದಳು.

ಚಿಕಿತ್ಸಾಲಯದ ಬಾಗಿಲಲ್ಲಿ ಜಲಜಮ್ಮ ನಿಂತುಬಿಟ್ಟರು. ಒಳಗೆ ಬೆಂಚಿನ ತುಂಬ ರೋಗಿಗಳು; ಮಾತ್ರೆಗೆ ಕಾದ ಸರ್ದಾರ್ಜಿ, ಮಡಿಲಲ್ಲಿ ಮಗುವಿದ್ದ ಹುಡುಗಿ.

"ಅಮ್ಮಾಜಿ, ಆಯಿಯೇ ನಾ!" ಎಂದು ಒಳಗೆ ಕರೆದರು ಲ್ಯಾಬ್‌ನ ಮೇಡಂ.

"ಇವರೆಲ್ಲ ಹೋಗಲಿ ಮಗಾ," ಜಲಜಮ್ಮ ಮೊಮ್ಮಗಳ ಕಿವಿಯಲ್ಲಿ ಹೇಳಿದರು. "ಆ ಮಗು ಹೋಗಲಿ. ಆಮೇಲೆ ಬರ್ತೇನೆ."

ಹರ್ಷಿಣಿ ವಾದ ಮಾಡಲಿಲ್ಲ. ಅಜ್ಜಿ ಬಿಸಿಲಲ್ಲಿ, ಗೋಡೆಗೆ ಅಂಟಿಕೊಂಡು, ಒಬ್ಬೊಬ್ಬರೇ ಹೊರಬರುವುದನ್ನು ಕಾದರು. ಕೊನೆಗೆ ಬೆಂಚು ಬರಿದಾಯಿತು. ಜಲಜಮ್ಮ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಹೋಗುವ ಹಾಗೆ ಒಳಗೆ ಬಂದರು.

"ಇದು ಹಳೇ ಸ್ಲೈಡ್," ಎಂದಳು ಹರ್ಷಿಣಿ, ಗಾಜಿನ ಪಟ್ಟಿಯೊಂದನ್ನು ಸೂಕ್ಷ್ಮದರ್ಶಕದಡಿ ಇಡುತ್ತ. "ಯಾರ ಕಫ ಅಂತ ಬರೆದಿಲ್ಲ. ಬೆಂಕಿಯ ಮೇಲೆ ಹಿಡಿದಾಗಿದೆ, ಜೀವ ಇಲ್ಲ. ಕಾಕ್ ಹಾಕಿದ ಬಣ್ಣ ಬೇರೆ, ನಮ್ಮದು ಬೇರೆ. ಮೊದಲು ಕೆಂಪು ಹಾಕಿ ಕಾಯಿಸ್ತೀವಿ, ಆಮ್ಲದಲ್ಲಿ ತೊಳೀತೀವಿ. ಮಿಕ್ಕದ್ದೆಲ್ಲ ಕೆಂಪನ್ನ ಬಿಟ್ಟುಬಿಡುತ್ತೆ, ಈ ಕ್ರಿಮಿಯೊಂದು ಬಿಡಲ್ಲ. ಆಮೇಲೆ ನೀಲಿ. ನೋಡು."

ಜಲಜಮ್ಮ ಸ್ಟೂಲಿನ ಮೇಲೆ ಕೂತು ಬಗ್ಗಿದರು. "ಅಯ್ಯಯ್ಯೋ, ಕರಿ ಕಾಲು! ಎಷ್ಟುದ್ದ! ಪಟಪಟ ಬಡೀತಿದೆ!"

"ಅದು ನಿನ್ನ ರೆಪ್ಪೆ ಅಜ್ಜಿ."

ಹರ್ಷಿಣಿ ರೆಪ್ಪೆ ಮುಟ್ಟಿ ತೋರಿಸಿದ್ದು ಕಂಡು ಮೇಡಂ ಕೂಡ ನಕ್ಕರು. ಜಲಜಮ್ಮ ತಾವೂ ನಕ್ಕು, ಕನ್ನಡಕ ತೆಗೆದು, ಮತ್ತೆ ಬಗ್ಗಿದರು. ಹರ್ಷಿಣಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು.

ನಗು ನಿಂತಿತು.

ಅಲ್ಲಿ ಆಕಾಶವಿತ್ತು. ಮಳೆ ಹೊಯ್ದು ತೊಳೆದ ಮೇಲಿನ ತಿಳಿನೀಲಿ. ಅದರಲ್ಲಿ ಅಲ್ಲೊಂದು ಇಲ್ಲೊಂದು, ಯಾರೋ ಕುಂಕುಮದಲ್ಲಿ ಅದ್ದಿ ಕಿತ್ತಿಟ್ಟ ನೂಲಿನ ಚೂರುಗಳು. ಕೆಲವು ತುಸು ಬಾಗಿದ್ದವು, ಕೆಲವು ಒಂದಕ್ಕೊಂದು ಒರಗಿದ್ದವು. ಸಾಮ್ರಾಜ್ಯಗಳನ್ನು ಕೆಮ್ಮಿಸಿದ್ದು ಇದು. ರಾಜಕುಮಾರಿಯರನ್ನೂ ಗಣಿಯ ಕೂಲಿಯವರನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸಿದ್ದು ಇದು. ಕೊಂಬಿಲ್ಲ, ಕೋರೆಯಿಲ್ಲ. ಇಷ್ಟೇ ಇಷ್ಟು, ಇಷ್ಟು ಚಂದ.

"ಇದಾ?" ಧ್ವನಿ ಎಲ್ಲಿಂದಲೋ ಬಂದಂತಿತ್ತು. "ನಿನ್ನ ಅಜ್ಜನ ಒಳಗೆ ಇದ್ದದ್ದು ಇದಾ?"

"ಇದೇ ಅಜ್ಜಿ. ಒಬ್ಬರು ಕೆಮ್ಮಿದರೆ ಗಾಳಿಯಲ್ಲಿ ಇನ್ನೊಬ್ಬರಿಗೆ. ಒಳಗೆ ಹೋಗಿ ಎಷ್ಟೋ ವರ್ಷ ಸುಮ್ಮನೆ ಮಲಗಿದ್ದು ಏಳುತ್ತೆ."

ಜಲಜಮ್ಮ ಕಣ್ಣು ಎತ್ತಲಿಲ್ಲ. ಆ ನೀಲಿಗೇ ಹೇಳುವಂತೆ ಮೆಲ್ಲಗೆ ಹೇಳಿದರು:

"ನಿನ್ನ ಅಜ್ಜ ಮದುವೆಗೆ ಮೊದಲು ಬೊಂಬಾಯಿ ಹೋಟೆಲಲ್ಲಿ ಕೆಲಸಕ್ಕಿದ್ದರು. ಅಲ್ಲಿ ಎಲ್ಲರೂ ಸಾಲಾಗಿ ಮಲಗ್ತಿದ್ದರಂತೆ, ಒಬ್ಬರ ಉಸಿರು ಇನ್ನೊಬ್ಬರಿಗೆ. ಧಾರೆಯ ದಿನ ಪಕ್ಕದಲ್ಲಿ ಕೂತು ಕೆಮ್ಮಿದರು. ಶಲ್ಯದ ತುದಿ ಬಾಯಿಗೆ ಹಿಡಿದು ಕೆಮ್ಮಿದರು. ನಾನು ಹೋಮದ ಹೊಗೆ ಅಂದುಕೊಂಡೆ. ನಾನು ಆಗಿನ್ನೂ ಆ ಮನೆಯ ಹೊಸಿಲು ದಾಟಿರಲಿಲ್ಲ, ಮಗಾ."

"ಇಲ್ಲ ಅಜ್ಜಿ. ದಾಟಿರಲಿಲ್ಲ."

ಕನ್ನಡ ತಿಳಿಯದ ಮೇಡಂ ಕೈಲಿದ್ದ ಪೆನ್ನು ಕೆಳಗಿಟ್ಟರು. ಹೊರಗೆ ಹೊಸದಾಗಿ ಬಂದವರ ಸದ್ದು. ಬೆಂಚು ಮತ್ತೆ ತುಂಬುತ್ತಿತ್ತು. ಯಾವುದೋ ಕೂಸು ಅಳತೊಡಗಿತು. ಜಲಜಮ್ಮನಿಗೆ ಅದೂ ಕೇಳಿಸಿತು. ಕೇಳಿಸಿಯೂ ಅವರು ಕದಲಲಿಲ್ಲ. ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಎರಡೂ ಪಾದಗಳನ್ನು ನೆಲಕ್ಕೆ ಭದ್ರವಾಗಿ ಊರಿ, ಮತ್ತೆ ನೋಡತೊಡಗಿದರು.