ಅಸ್ಟ್ರಿಡ್‌ನ ಖಾಲಿ ದಿನಗಳು

ಮಧ್ಯಾಹ್ನ ಮೂರೂಕಾಲು. ಐದು ಕ್ರಿಲ್ ಹಡಗುಗಳ ಸಾಮರ್ಥ್ಯದ ಲೆಕ್ಕದಲ್ಲಿ ‘ಅಸ್ಟ್ರಿಡ್’ ಕೊನೆಗೆ ಬಂದಿತ್ತು. ವರದಿ ಸಂಜೆ ಹೋಗಬೇಕು. ಕೊನೆಗೆ ಬಂದದ್ದನ್ನು ಮುಂದಿನ ಋತುವಿಗೆ ಕಳಿಸುವುದಿಲ್ಲವೆಂದು ಮಾಲೀಕರು ಮೊದಲೇ ಹೇಳಿದ್ದರು. ಹಡಗು ನಿಂತರೆ ಅದರ ಸಿಬ್ಬಂದಿಗೂ ಕೆಲಸವಿಲ್ಲ.

ಮಲೇಷ್ಯಾದ ಬಾಂಗ್ಸಾರಿನ ಸಣ್ಣ ಕಚೇರಿಯಲ್ಲಿ ಕೂತು ಈ ಲೆಕ್ಕ ಹಾಕಿದವಳು ಭಟ್ಕಳದ ತಹರೀಮ್. ಕ್ರಿಲ್ ಎಂದರೆ ಅಂಟಾರ್ಕ್ಟಿಕದ ಕಡಲಲ್ಲಿ ಹಿಂಡುಗಟ್ಟಿ ತೇಲುವ, ಸಿಗಡಿಯಂಥ ಪುಟ್ಟ ಜೀವಿ. ಎಂಜಿನ್ನಿನ ಬಲ, ಉಗ್ರಾಣದ ಗಾತ್ರ, ಕಡಲಲ್ಲಿ ಕಳೆದ ದಿನಗಳು, ಇಷ್ಟಿಟ್ಟುಕೊಂಡು ಎಷ್ಟು ಹಿಡಿಯಿತು ಎಂದು ಪ್ರತಿ ಹಡಗನ್ನೂ ಅವುಗಳಲ್ಲೇ ಮೇಲಾದದ್ದರ ಜೊತೆ ಹೋಲಿಸುವುದು ಅವಳ ಕೆಲಸ. ಬಲೆ ಬಿಡದ ದಿನ ಈ ಲೆಕ್ಕದಲ್ಲಿ ವ್ಯರ್ಥ. ‘ಅಸ್ಟ್ರಿಡ್’ಗೆ ಜನವರಿಯಲ್ಲಿ ಅಂಥ ದಿನಗಳು ಸಾಲಾಗಿ ಇದ್ದವು.

ಕಳಿಸುವ ಮುನ್ನ ಆ ದಿನಗಳ ಜಾಡನ್ನು ನಕಾಶೆಯ ಮೇಲೆ ತೆರೆದಳು. ಹಡಗು ಕೆಟ್ಟು ನಿಂತಿದ್ದರೆ ಒಂದೇ ಕಡೆ ಚುಕ್ಕೆಗಳ ಗುಂಪು ಕಾಣಬೇಕು. ಇಲ್ಲಿ ಗದ್ದೆ ಉತ್ತ ಹಾಗೆ ಗೆರೆಯ ಪಕ್ಕ ಗೆರೆ. ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವರ ಮಗಳು ತಹರೀಮ್. ಬಲೆ ಮೇಲೆತ್ತಿಕೊಂಡು ಹೀಗೆ ಯಾವಾಗ ಓಡಾಡುತ್ತಾರೆಂದು ಬಲ್ಲಳು.

ಹಡಗು ಕಂಪನಿಯ ಕ್ಲಾಂಗ್ ಬಂದರಿನ ಕಚೇರಿಗೆ ಫೋನ್ ಮಾಡಿದಳು. ಬೇರೆ ದೇಶದ ಮೀನುಹಡಗೊಂದು ಕಾಣೆಯಾಗಿತ್ತು, ಹತ್ತಿರವಿದ್ದ ‘ಅಸ್ಟ್ರಿಡ್’ ಹುಡುಕಲು ಹೋಗಿತ್ತು ಎಂದಳು ಅಲ್ಲಿಯ ಹೆಂಗಸು. ಸಿಕ್ಕಿದ್ದು ಖಾಲಿ ತೆಪ್ಪವೊಂದೇ. ಇದನ್ನು ಮೊದಲೇ ಯಾಕೆ ತಿಳಿಸಲಿಲ್ಲ ಎಂದು ತಹರೀಮ್ ಕೇಳಿದಳು.

“ಎಷ್ಟು ಹಿಡಿದ್ರು ಅಂತ ಮಾತ್ರ ನೀವು ಕೇಳಿದ್ರಿ, ಲಾ,” ಎಂದಳು ಆಕೆ, ಅಲ್ಲಿಯವರ ವಾಡಿಕೆಯಂತೆ ಕೊನೆಗೊಂದು ‘ಲಾ’ ಸೇರಿಸಿ.

ತಹರೀಮಳ ಕಚೇರಿಯ ಮುಖ್ಯಸ್ಥ ಕಾರ್ತಿಕೇಯ ಮಲ್ಪೆ ಬಂದರಿನ ಕಡೆಯವರು. ನಕಾಶೆಯನ್ನು ನೋಡಿ ಕನ್ನಡಕ ತೆಗೆದರು.

“ಈಗ ಎಂತ ಮಾಡುದು ಮಾರಾಯ್ತಿ? ರಿಪೋರ್ಟ್ ಫೈನಲ್ ಆಗಿದೆ.”

“ಆ ದಿನಗಳನ್ನ ತೆಗೀಬೇಕು ಸರ್.”

“ನಾಳೆ ಎಲ್ಲ ಕ್ಯಾಪ್ಟನ್‌ಗಳೂ ಹುಡುಕ್ಲಿಕ್ಕೆ ಹೋಗಿದ್ವಿ ಅಂತಾರೆ.”

“ಅನ್ನಲಿ. ಟ್ರ್ಯಾಕ್ ನೋಡಿದ್ರೆ ಗೊತ್ತಾಗ್ತದಲ್ಲ. ಉಳಿದ ನಾಲ್ಕನ್ನೂ ನೋಡಿದೆ, ಅವು ದೂರದಲ್ಲಿದ್ವು.” ಅವಳು ನಕಾಶೆಯಿಂದ ತಲೆಯೆತ್ತಿದಳು. “ಮಲ್ಪೆಯಲ್ಲಿ ಒಂದು ಬೋಟ್ ಬರ್ಲಿಲ್ಲ ಅಂದ್ರೆ ಉಳಿದವರು ಬಲೆ ಬಿಡ್ತಾರಾ ಸರ್?”

ಕಾರ್ತಿಕೇಯ ಕನ್ನಡಕವನ್ನು ಮತ್ತೆ ಹಾಕಿಕೊಂಡು ನಕಾಶೆಯತ್ತ ಬಾಗಿದರು. ಕೆಳಗೆ ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆಯುತ್ತಲೇ ಇದ್ದರು. ಕೊನೆಗೆ, “ಇದನ್ನ ಮೇಲೆ ತಂದ್ರೆ ಇನ್ನೊಂದು ಕೆಳಗೆ ಹೋಗ್ತದೆ. ಅದರಲ್ಲೂ ಜನ ಉಂಟು. ಅದು ತಲೆಯಲ್ಲಿರಲಿ,” ಎಂದರು.

“ಗೊತ್ತುಂಟು ಸರ್.”

“ಹಾಗಾದ್ರೆ ಮಾಡು. ಯಾಕೆ ತೆಗೆದದ್ದು ಅಂತ ಮೊದಲ ಪುಟದಲ್ಲೇ ಬರಿ. ಸೈನ್ ನಾನು ಹಾಕ್ತೇನೆ.”

ತಹರೀಮ್ ಲೆಕ್ಕವನ್ನು ಮೊದಲಿನಿಂದ ಓಡಿಸಿದಳು. ‘ಅಸ್ಟ್ರಿಡ್’ ಮೂರನೆಯ ಸ್ಥಾನಕ್ಕೆ ಏರಿತು. ಕೊನೆಗೆ ಬಂದದ್ದು ‘ಮಾರಿತ್’ ಎಂಬ ಹಳೆಯ ಹಡಗು. ಅದರ ಅಂಕಿಗಳನ್ನು ಮತ್ತೆ ಪರೀಕ್ಷಿಸಿದಳು. ತಪ್ಪು ಸಿಗಲಿಲ್ಲ. ಇನ್ನೊಮ್ಮೆ ಪರೀಕ್ಷಿಸಿದಳು.

ವರದಿ ಆರು ಗಂಟೆಗೆ ಹೋಯಿತು. ಮುಂದಿನ ಋತುವಿಗೆ ಮಾಲೀಕರು ‘ಮಾರಿತ್’ ಅನ್ನು ಕಳಿಸಲಿಲ್ಲ.